ಸಲಾಕಿ ಹಿಡಿದ ಬೇಸಿಗೆ

ನನಗೆ ನಗು ಬಂದರೆ ತಡೆಯಲು ಆಗುವುದಿಲ್ಲ. ಸತ್ತವರ ಮನೆಯಿಂದಲೂ ಸೆರಗು ಬಾಯಿಗೊತ್ತಿಕೊಂಡು ಹೊರಗೋಡಿ ಬಂದವಳು ನಾನು. ಬಬಲೇಶ್ವರದ ತವರುಮನೆಯಲ್ಲಿ ಇದಕ್ಕೆ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೆ ಅತ್ತೆ ಮಾತ್ರ ನನ್ನ ಪರ ನಿಂತರು. "ಗಂಡ ಮಿಲ್ಟ್ರಿಯಾಗ ಅದಾನ. ಆಕಿ ನಕ್ಕರ ನಗಲಿ ಬಿಡ್ರಿ, ಅಳಾಕ ಕುಂತ್ರ ನಿಮಗ್ಯಾರಿಗೂ ಸಂಬಾಳಸಾಕ ಆಗೂದಿಲ್ಲ" ಎಂದು ಓಣಿಯವರ ಬಾಯಿ ಮುಚ್ಚಿಸಿದ್ದರು.

ಆದ್ದರಿಂದ ಎಪ್ಪತ್ತರ ದಶಕದ ನಡುವಿನ ಆ ಬೇಸಿಗೆಯ ಬಗ್ಗೆ ನಾನು ನಗುತ್ತ ಬರೆದರೆ ಓದುವವರು ತಪ್ಪು ತಿಳಿಯಬಾರದು. ಅಷ್ಟು ಸುಖದ ಬೇಸಿಗೆ ನನ್ನ ಬದುಕಿನಲ್ಲಿ ಇನ್ನೊಂದು ಬರಲಿಲ್ಲ. ಅವರಿಗೆ ಅದು ಎಂಥ ಬೇಸಿಗೆಯಾಗಿತ್ತು ಎಂಬುದು ಬೇರೆ ಮಾತು, ಅದನ್ನೂ ಹೇಳುತ್ತೇನೆ.

ಅವರು ಅಂದರೆ ನನ್ನ ಗಂಡ. ಹದಿನೈದು ವರ್ಷ ಪಲ್ಟನ್ನಿನಲ್ಲಿದ್ದು, ಯುದ್ಧ ಕಂಡು, ಹವಾಲ್ದಾರರಾಗಿ ಪೆನ್ಶನ್ ಮೇಲೆ ಊರಿಗೆ ಬಂದರು. ನಮ್ಮ ಮದುವೆಯಾಗಿ ಆಗ ಹನ್ನೊಂದು ವರ್ಷ. ವರ್ಷಕ್ಕೊಂದು ರಜೆ, ಅದರಲ್ಲಿ ಒಂದಿಷ್ಟು ರೈಲಿಗೆ, ಒಂದಿಷ್ಟು ನೆಂಟರ ಮನೆಯ ಊಟಕ್ಕೆ, ಮಿಕ್ಕಿದ್ದು ನನಗೆ. ಹೀಗಾಗಿ ಹನ್ನೊಂದು ವರ್ಷದ ಮೇಲೂ ಅವರೆದುರು ನಾನು ಹೊಸ ಮದುಮಗಳೇ. ವಿಜಾಪುರದ ಸ್ಟೇಷನ್ನಿಗೆ ಕರೆಯಲು ಹೋದವಳು, ಕಬ್ಬಿಣದ ಪೆಟ್ಟಿಗೆ ಹೆಗಲಮೇಲಿಟ್ಟು ಇಳಿದ ಆ ಮನುಷ್ಯ ಇನ್ನು ವಾಪಸ್ ಹೋಗುವುದಿಲ್ಲ ಎಂದು ನೆನೆದು ಎಷ್ಟು ನಕ್ಕೆನೆಂದರೆ, ಟಾಂಗಾದವನು "ಅಕ್ಕಾರ, ಸಾವಕಾಶ ನಗ್ರಿ, ಕುದರಿ ಬೆದರತೈತಿ" ಅಂದ.

ನನಗೆ ಒಬ್ಬ ಸವತಿ ಇದ್ದಳು. ಹೊನವಾಡದ ದಾರಿಯಲ್ಲಿರುವ ನಮ್ಮ ಎರಡು ಎಕರೆ ಎರಿ ಮಣ್ಣಿನ ಹೊಲ. ಪಲ್ಟನ್ನಿನಿಂದ ಬರುತ್ತಿದ್ದ ಪ್ರತಿ ಕಾಗದದಲ್ಲೂ ಮೊದಲು ಅವಳ ಕ್ಷೇಮಸಮಾಚಾರ. ಮಳೆ ಆಯಿತೇ, ಬದು ಒಡೆಯಿತೇ, ಬೇವಿನ ಗಿಡ ಎಷ್ಟು ಎತ್ತರವಾಯಿತು. ಕೊನೆಗೆ ಜಾಗ ಉಳಿದರೆ ನಾನು. ಪುಣೆಯ ಒಂದು ಕಾರ್ಖಾನೆಯಲ್ಲಿ ಕಾವಲುಗಾರನ ಕೆಲಸ ಕೊಡಿಸುತ್ತೇನೆ, ದಸರೆಯೊಳಗೆ ತಿಳಿಸು ಎಂದು ಅವರ ಹಳೆಯ ಸಾಹೇಬರೊಬ್ಬರು ಬರೆದಿದ್ದರು. ಇವರು ಆ ಕಾಗದ ಓದಿ ಗೋಡೆಯ ಗೂಡಿನಲ್ಲಿಟ್ಟು, "ಇನ್ನ ಕಾವಲಿ ಸಾಕು. ಹಿಂಗಾರಿ ಜ್ವಾಳ ನಾನ ಬಿತ್ತಾವ" ಅಂದರು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಹೊಲ ಇದ್ದರೆ ಇವರು ಇರುತ್ತಾರೆ. ಸವತಿಯ ಮೇಲೆ ಅವತ್ತು ನನಗೆ ಬಂದಷ್ಟು ಪ್ರೀತಿ ಯಾರಿಗೂ ಬಂದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಇಬ್ಬರೂ ಹೊಲಕ್ಕೆ ಹೋದೆವು. ಸುಗ್ಗಿ ಮುಗಿದು ಹೊಲ ಬರಿದಾಗಿತ್ತು. ನಾನು ಬದುವಿನಿಂದ ಹಾರಿ ಒಳಗಿಳಿದೆ. ಅವರು ಬದುವಿನ ಮೇಲೆಯೇ ನಿಂತರು.

"ಏನ್ರೀ, ಹೊಲಕ್ಕ ಸಲಾಮ ಹೊಡೀಲಿಕ್ಕೆ ನಿಂತೀರೇನು? ಇಳೀರಿ."

ಅವರು ಒಂದು ಕಾಲು ಎತ್ತಿದರು. ಮತ್ತೆ ಅದನ್ನು ಇದ್ದಲ್ಲೇ ಇಟ್ಟರು. ನಾನು ನಗುತ್ತ ಕೈ ಹಿಡಿದು ಎಳೆದೆ. ಬೇಸಿಗೆಯ ಬಿಸಿಲಲ್ಲಿ ಅವರ ಅಂಗೈ ತಣ್ಣಗೆ ಒದ್ದೆಯಾಗಿತ್ತು, ಮುಖದ ಮೇಲೆ ಬಣ್ಣವೇ ಇರಲಿಲ್ಲ. ನನ್ನ ನಗು ಅರ್ಧಕ್ಕೆ ನಿಂತಿತು.

ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ನೋಡದೆ ಹೇಳಿದರು. "ಲಡಾಯದಾಗ ಒಂದು ಹೊಲ ದಾಟೂದಿತ್ತು. ನೆಲದಾಗ ಬಾಂಬ್ ಹುಗದಿದ್ರು. ಸಾಲಾಗಿ ಹೊಂಟಿದ್ವಿ. ಮುಂದಿನವ ಕಾಲಿಟ್ಟಲ್ಲೇ ಹಿಂದಿನವ ಇಡಬೇಕು ಅಂತ ಹುಕುಂ. ನನ್ನ ಮುಂದ ಇದ್ದಾವ ಆರು ವರ್ಷ ನನ್ನ ಜೋಡಿ ಒಂದ ತಾಟಿನ್ಯಾಗ ಉಂಡಾವ. ಅವ ಕಾಲೆತ್ತಿದಲ್ಲಿ ನಾ ಕಾಲಿಟ್ಟೆ. ಅವ ಮುಂದ ಇಟ್ಟ. ಅಷ್ಟ."

ಬದುವಿನ ಹುಲ್ಲು ಕೀಳುತ್ತ ಮತ್ತೆ ಅಂದರು. "ಆಮ್ಯಾಲ ಪಲ್ಟನ್ನಿನ್ಯಾಗ ಡೀಪೋದಾಗ ಇದ್ದೆ. ಎಲ್ಲಾ ಸಿಮೆಂಟ್ ನೆಲಾ. ರಜಾಕ್ಕ ಬಂದಾಗ ಬದುವಿನ ಮ್ಯಾಲ ನಿಂತ ಬೆಳಿ ನೋಡಿ ಹೋಗತಿದ್ದೆ. ಗೊತ್ತ ಆಗಲಿಲ್ಲ. ಇದು ನಮ್ಮ ಹೊಲ ಅಂತ ತಲಿಗೆ ಗೊತ್ತೈತಿ. ಕಾಲಿಗೆ ಯಾರು ಹೇಳಬೇಕು?"

ಹದಿನೈದು ವರ್ಷ ಇದೊಂದೇ ಮಣ್ಣಿನ ಕನಸು ಕಂಡ ಮನುಷ್ಯ ಅದರ ಮೇಲೆ ಕಾಲಿಡಲು ಆಗದೆ ಕೂತಿದ್ದರು. ನನಗೆ ದುಃಖವಾಯಿತು, ಸುಳ್ಳೇಕೆ ಹೇಳಲಿ, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕಾಲಿಡದವರು ಬಿತ್ತುವುದು ಹೇಗೆ? ಬಿತ್ತದಿದ್ದರೆ ಗೂಡಿನಲ್ಲಿ ಪುಣೆಯ ಕಾಗದವಿದೆ.

ಉಪಾಯ ಹೇಳಿದ್ದು ಅವರೇ. ಚುಚ್ಚಿ ನೋಡಬೇಕು, ಗೇಣು ಗೇಣಿಗೆ. ಚುಚ್ಚಿ ನೋಡಿದ ಜಾಗದಲ್ಲಿ ಕಾಲು ಹೋಗುತ್ತದೆ. ಬಿತ್ತನೆಯೊಳಗೆ ಎರಡೂ ಎಕರೆ ಮುಗಿದರೆ ಮುಂದೆ ಚಿಂತೆಯಿಲ್ಲ. "ನನ್ನ ಜೋಡಿ ಇರತೀಯೇನು?" ಎಂದು ಕೇಳಿದರು. ಅದೆಂಥ ಪ್ರಶ್ನೆ! ಹನ್ನೊಂದು ವರ್ಷ ಅದೊಂದು ಮಾತಿಗೆ ಕಾದವಳು ನಾನು.

ಕಮ್ಮಾರನಿಂದ ಮೊಳದುದ್ದದ ಚೂಪಾದ ಕಬ್ಬಿಣದ ಸಲಾಕಿ ಮಾಡಿಸಿದರು. ಅತ್ತೆಯ ಹಳೆಯ ಕೆಂಪು ಸೀರೆ, ಅವರ ಹಳೆಯ ಬಿಳಿ ಧೋತರ ಹರಿದು ಪಟ್ಟಿಗಳಾದವು. ನೋಡಬೇಕಾದ ಜಾಗಕ್ಕೆ ಕೆಂಪು, ನೋಡಿದ ಜಾಗಕ್ಕೆ ಬಿಳಿ, ನಡುವೆ ಹಗ್ಗ. ಅವರು ಮೊದಲ ದಿನ ಬದುವಿನ ಮೇಲೆ ಬೋರಲು ಮಲಗಿ, ಕೈ ಚಾಚಿ, ಸಲಾಕಿಯನ್ನು ಓರೆಯಾಗಿ ಮೆಲ್ಲಗೆ ಒತ್ತಿದರು. ಬಿಸಿಲಿಗೆ ಕಲ್ಲಾದ ಎರಿಯಲ್ಲಿ ಅದು ಇಳಿಯದಿದ್ದರೆ ನಾನು ತಂಬಿಗೆಯಿಂದ ನೀರು ಹನಿಸಬೇಕು, ನೆನೆಯುವವರೆಗೆ ಕಾಯಬೇಕು. ಕಾಯುವಾಗ ಮಾತು. ಅಷ್ಟು ಮಾತನ್ನು ನಾವು ಮದುವೆಯಾದಾಗಿನಿಂದ ಆಡಿರಲಿಲ್ಲ.

ದಿನಾ ಹೊತ್ತು ಮೂಡುವ ಮುಂಚೆ ಹೋಗಿ ಸಂಜೆ ಬರುತ್ತಿದ್ದೆವು. ಅವರು ಮುಂದೆ ಹೊಟ್ಟೆಯ ಮೇಲೆ ತೆವಳುತ್ತ, ನಾನು ಹಿಂದೆ ಬಿಳಿ ಪಟ್ಟಿ ನೆಡುತ್ತ. ಅಡುಗೆ ಮಾಡುವ ಪಂಜಾಬಿ ಲಂಗರಿಯ ಕೈರುಚಿ, ಹಿಮದಲ್ಲಿ ಮೀಸೆ ಹೆಪ್ಪುಗಟ್ಟಿದ್ದು, ನನ್ನ ಕಾಗದವನ್ನು ಕದ್ದು ಓದಿದ ಗೆಳೆಯರು ನನ್ನ ಅಕ್ಷರಕ್ಕೆ ನಕ್ಕಿದ್ದು, ಎಲ್ಲ ಹೇಳಿದರು. ನಾನು ಓಣಿಯ ಹನ್ನೊಂದು ವರ್ಷದ ಜಗಳಗಳನ್ನು ಒಂದೂ ಬಿಡದೆ, ಆಡಿದವರ ದನಿ ತೆಗೆದು ಹೇಳಿದೆ. ಅವರಿಗೆ ನಗು ಬಂದು ಸಲಾಕಿ ಅಲುಗಿದರೆ, "ಸುಮ್ನಿರ ಬೇ, ಕೈ ನಡಗತೈತಿ" ಎನ್ನುವರು. ಮಧ್ಯಾಹ್ನ ಬೇವಿನ ನೆರಳು ಬದುವಿನವರೆಗೆ ಬರುವುದನ್ನು ಕಾದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಣ್ಣುತ್ತಿದ್ದೆವು. ಹೊಸದಾಗಿ ಮದುವೆಯಾದವರು ಊರೂರು ತಿರುಗಲು ಹೋಗುತ್ತಾರಲ್ಲ, ನಮ್ಮದು ಅದೇ ತಿರುಗಾಟ, ದಿನಕ್ಕೆ ನಾಲ್ಕು ಮೊಳದಂತೆ.

ಒಂದು ಸಲ ಸಲಾಕಿ ಟಕ್ ಅಂದಿತು. ಅವರು ಒಂದೇ ಏಟಿಗೆ ನನ್ನನ್ನು ನೆಲಕ್ಕೆ ಒತ್ತಿ, "ಅಲಗಾಡಬ್ಯಾಡ" ಅಂದರು. ಬೆರಳಿಂದ ಮಣ್ಣು ಕೆರೆದು ಕೆರೆದು ತೆಗೆಯಲು ಎಷ್ಟೋ ಹೊತ್ತು ಹಿಡಿಯಿತು. ಬಂದದ್ದು ಎತ್ತಿನ ಲಾಳ. ನನಗೆ ನಗು ಉಕ್ಕಿ ಮಣ್ಣಲ್ಲಿ ಉರುಳಾಡಿದೆ. ಅವರು ಆ ಲಾಳ ಹಿಡಿದು ಕೂತೇ ಇದ್ದರು, ಬೆವರು ಮೂಗಿನಿಂದ ಹನಿಯುತ್ತಿತ್ತು. ಅವತ್ತು ಮತ್ತೆ ಸಲಾಕಿ ಮುಟ್ಟಲಿಲ್ಲ.

ಊರು ಸುಮ್ಮನಿರುತ್ತದೆಯೇ? ಮಿಲ್ಟ್ರಿಯಿಂದ ಬಂದವನು ಹೊಲದಲ್ಲಿ ಬೋರಲು ಮಲಗುತ್ತಾನಂತೆ, ನೆಲಕ್ಕೆ ನೀರು ಹನಿಸುತ್ತಾರಂತೆ, ಬಣ್ಣಬಣ್ಣದ ಬಟ್ಟೆ ನೆಟ್ಟಿದ್ದಾರಂತೆ. ಮೊದಲು ಹಬ್ಬಿದ ಮಾತು ತಲೆ ಕೆಟ್ಟಿದೆ ಎಂದು. ಅದು ಅತ್ತೆಯ ಕಿವಿಗೆ ಬಿದ್ದು, ಅವರು ನಿಂಬೆಹಣ್ಣು ಇಳಿಸಿ, ತಾಯತ ಕಟ್ಟಿಸಲು ತಯಾರಿ ನಡೆಸಿದರು. ಇವರು ಆ ಮಾತು ಕೇಳಿದ ದಿನ ಗೂಡಿನ ಕಾಗದ ತೆಗೆದು ಓದಿ ಮತ್ತೆ ಇಟ್ಟರು. ಹುಚ್ಚ ಅನ್ನಿಸಿಕೊಂಡು ಆ ಊರಲ್ಲಿ ಒಂದು ದಿನವೂ ಇರುವವರಲ್ಲ.

ಆಗ ನಾನು ಮಾಡಿದ ಕಿತಾಪತಿಯನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ಹಿಟ್ಟಿನ ಗಿರಣಿಯಲ್ಲಿ ಒಬ್ಬಳು ನನ್ನನ್ನು ಮೂಲೆಗೆ ಎಳೆದು, "ಖರೇ ಹೇಳ, ಹೊಲದಾಗ ಏನ್ ಹುಡಕಾಕತ್ತೀರಿ?" ಅಂದಳು. ನಾನು ಆಚೆ ಈಚೆ ನೋಡಿ, ದನಿ ತಗ್ಗಿಸಿ, "ಹೇಳಬಾರದು ಅಂದಾರವ್ವಾ" ಅಂದೆ. ಅಷ್ಟೇ. ನಮ್ಮ ಕಡೆ ಅಷ್ಟು ಸಾಕು. ಬಾದಶಾಹಿ ಮುಳುಗುವ ಹೊತ್ತಿಗೆ ಬಂಗಾರ ತುಂಬಿದ ಕೊಪ್ಪರಿಗೆಗಳನ್ನು ವಿಜಾಪುರದ ಸುತ್ತ ಹುಗಿದಿದ್ದಾರೆ ಎಂದು ತೊಟ್ಟಿಲಲ್ಲೇ ಕೇಳಿ ಬೆಳೆದ ಜನ ನಾವು. ಗೋಡೆ ಕೆಡವಿದರೂ, ಬಾವಿ ತೋಡಿದರೂ ಎಲ್ಲರ ಕಣ್ಣು ಮೊದಲು ಮಣ್ಣಿನ ಮೇಲೆ. ಮರುದಿನ ಸಂಜೆಯೊಳಗೆ ತಿಕೋಟಾಕ್ಕೆಲ್ಲ ಗೊತ್ತಾಯಿತು: ಮಿಲ್ಟ್ರಿಯವನ ಕೈಗೆ ಬಾದಶಾಹಿ ಕಾಲದ ನಕಾಶೆ ಸಿಕ್ಕಿದೆ.

ಹುಚ್ಚನಾಗಿದ್ದ ನನ್ನ ಗಂಡ ಒಂದೇ ದಿನದಲ್ಲಿ ಊರಿನ ಮಹಾ ಬುದ್ಧಿವಂತನಾದ! ಹಾದಿಯಲ್ಲಿ ಕೈ ಮುಗಿಯತೊಡಗಿದರು. ಅರಕೇರಿಯ ನೆಂಟರೊಬ್ಬರು, ಮದುವೆಗೂ ಬಾರದವರು, ಹೋಳಿಗೆ ಕಟ್ಟಿಕೊಂಡು ಬಂದು ನನ್ನ ಆರೋಗ್ಯ ವಿಚಾರಿಸಿದರು. ಕನಮಡಿಯಿಂದ ಒಬ್ಬ ಅಂಜನದವನು ಬಂದು ವೀಳ್ಯದೆಲೆಯಲ್ಲಿ ಕೊಪ್ಪರಿಗೆ ನೋಡಿದ. ಮೂರು ಇವೆ, ಒಂದರ ಮೇಲೆ ಹಾವು ಕೂತಿದೆ ಅಂದ. ಅತ್ತೆ ನಿಂಬೆಹಣ್ಣು ಬಿಟ್ಟು, ಸೊಸೆಗೆ ಎಂಥ ಸರ ಮಾಡಿಸಬೇಕು ಎಂದು ಯೋಚಿಸತೊಡಗಿದರು. ಇವರಿಗೆ ಸಿಟ್ಟು ಬರುತ್ತದೆ ಎಂದು ನಾನು ಅಂಜಿದ್ದೆ. ಅವರು ಎಲ್ಲ ಕೇಳಿ, ಮಲಗಿದಲ್ಲೇ ಮುಖ ತಿರುಗಿಸಿ, "ಹಾವ ಕುಂತ ಕೊಪ್ಪರಿಗಿ ಯಾವ ಮೂಲ್ಯಾಗ ಐತಂತ ಕೇಳ, ಹುಷಾರಾಗಿ ಚುಚ್ಚತೀನಿ" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಎಲ್ಲರಿಗಿಂತ ಹುರುಪು ಚಾಚಾನದು. ನಮ್ಮ ಹೊಲಕ್ಕೆ ಹೊಂದಿ ಅವನ ಹೊಲ, ಬಸ್ ಸ್ಟ್ಯಾಂಡಿನಲ್ಲಿ ಅವನ ಚಹಾದಂಗಡಿ. ಊರಿಗೆಲ್ಲ ಅವನು ಚಾಚಾ, ಅಂಗಡಿಯಲ್ಲಿ ಕುದಿಯುತ್ತಿದ್ದದ್ದು ಚಹಾಕ್ಕಿಂತ ಸುದ್ದಿ ಹೆಚ್ಚು. ನಮ್ಮ ಹೊಲದಲ್ಲಿ ಇದ್ದ ಬಂಗಾರ ಬದುವಿನಾಚೆ ಏಕಿರಬಾರದು ಎಂದು ತನ್ನ ಕಡೆ ತಾನೂ ಅಗೆದ. ಮುರಿದ ಬೀಸುಕಲ್ಲಿನ ಒಂದು ಹೋಳು ಸಿಕ್ಕಿತು. ಅದನ್ನು ತೊಳೆದು ಅಂಗಡಿಯ ಮುಂದಿಟ್ಟು, "ಇದು ಬೇಗಮ್ಮನ ಬೀಸೂಕಲ್ಲು. ಕಲ್ಲ ಬಂದೈತಂದ್ರ ಕೊಪ್ಪರಿಗಿ ದೂರಿಲ್ಲ" ಎಂದು ಹೊನವಾಡದ ಬಸ್ಸಿನವರಿಗೆಲ್ಲ ತೋರಿಸುತ್ತಿದ್ದ. ನಾನು ಗಂಭೀರವಾಗಿ, "ಹೌದ್ರಿ ಚಾಚಾ, ನಕ್ಷಿ ಕಾಣತೈತಿ" ಅಂದಿದ್ದೆ. ನನ್ನ ಹಲ್ಲಿಗೆ ಅವತ್ತು ಬಹಳ ಕೆಲಸವಾಯಿತು, ತುಟಿ ಕಚ್ಚಿ ಕಚ್ಚಿ.

ಬೇಸಿಗೆ ಮುಗಿದು, ಮಳೆ ಬಿದ್ದು ನೆಲ ಮೆತ್ತಗಾಗಿ, ಕೆಲಸ ಚುರುಕಾಯಿತು. ಶ್ರಾವಣದ ಹೊತ್ತಿಗೆ ಹೊಲವೆಲ್ಲ ಬಿಳಿ ಪಟ್ಟಿ. ನೋಡಿದ ಜಾಗದಲ್ಲಿ ಅವರು ಬರಿಗಾಲಲ್ಲಿ ಓಡಾಡುತ್ತಿದ್ದರು. ಒಮ್ಮೆ ನನ್ನನ್ನು ಹಿಡಿಯಲು ಅಟ್ಟಿಸಿಕೊಂಡೂ ಬಂದರು. ಬೇವಿನ ಗಿಡದ ಬುಡದಲ್ಲಿ ಹತ್ತು ಮೊಳ ಅಗಲದ ಒಂದು ತುಂಡು ಮಾತ್ರ ಕೆಂಪಾಗಿ ಉಳಿದಿತ್ತು. "ಮೂರು ದಿನ. ಆಮ್ಯಾಲ ಪುಣೆಕ್ಕ ಆಗೂದಿಲ್ಲ ಅಂತ ಬರದು ಹಾಕತೀನಿ" ಅಂದರು. ನಾನು ಬೀಜದ ಜೋಳ ಆರಿಸಿ ಇಟ್ಟೆ.

ಮರುದಿನ ಅಮಾವಾಸ್ಯೆ. ನಾವು ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದೆವು. ದೂರದಲ್ಲಿ ಗದ್ದಲ ಕೇಳಿಸಿತು. ನೋಡಿದರೆ ಅರ್ಧ ತಿಕೋಟಾವೇ ಬರುತ್ತಿದೆ, ಗುದ್ದಲಿ, ಹಾರೆ, ತೆಂಗಿನಕಾಯಿ ಹಿಡಿದು. ಮುಂದೆ ಚಾಚಾ, ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಚಹಾದ ಕಿಟ್ಲಿ. "ತಮ್ಮಾ, ಉಳದದ್ದು ಇಷ್ಟ ಜಾಗಾ. ಕೊಪ್ಪರಿಗಿ ಇಲ್ಲೇ ಇರಬೇಕು. ನೀ ಒಬ್ಬಾವ ಯಾಕ ದಣೀತಿ? ಇವತ್ತ ಎಲ್ಲಾರೂ ಕೂಡಿ ತಗದ ಬಿಡೂಣು" ಎಂದು ಕೂಗುತ್ತ ಬದು ಹತ್ತಿದ. ಅವನ ಮುಖದಲ್ಲಿ ಆಸೆಯೂ ಇತ್ತು, ನಿಜವಾದ ಕನಿಕರವೂ ಇತ್ತು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ನಗತೊಡಗಿದೆ.

ಚಾಚಾ ಕೆಂಪು ಪಟ್ಟಿ ದಾಟಿದ.

"ಹಾಲ್ಟ್!"

ಇವರ ಆ ದನಿಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಕವಾಯತು ಮಾಡಿಸುತ್ತಾನೆ ಎಂದು ಜನ ನಕ್ಕರು. ಅವರು ಬದುವಿನಿಂದ ಹಾರಿ, ಕೆಂಪು ಪಟ್ಟಿಗಳನ್ನು ಕಿತ್ತು ಹಾರಿಸುತ್ತ, ನೆಲ ನೋಡದೆ, ಚುಚ್ಚದೆ, ಓಡಿ ಚಾಚಾನ ಮೇಲೆ ಬಿದ್ದರು. ಅವನನ್ನು ಕೆಳಗೆ ಹಾಕಿ, ಅವನ ತಲೆಯನ್ನು ತಮ್ಮ ಎದೆಯಡಿ ಅವುಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದರು. ಕಿಟ್ಲಿ ಉರುಳಿ ಚಹಾ ಚೆಲ್ಲಿತು. ಜನ ಇನ್ನೂ ನಗುತ್ತಿದ್ದರು. ಕೊಪ್ಪರಿಗೆಗಾಗಿ ಇಬ್ಬರೂ ಹೊಡೆದಾಡುತ್ತಾರೆ ಎಂದುಕೊಂಡರು.

ಏನೂ ಆಗಲಿಲ್ಲ. ಅವರು ಏಳಲೂ ಇಲ್ಲ. ನಾನು ಓಡಿ ಹೋದೆ, ನನ್ನ ಹಿಂದೆ ಜನವೂ ನುಗ್ಗಿತು. ಅವರ ಬೆನ್ನು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಅಡಿಯಿಂದ ಚಾಚಾನ ದನಿ ಬಂತು, ಅವರ ಎದೆಗೆ ಮುಚ್ಚಿಹೋದ ದನಿ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಅವನು ತನ್ನ ಮೇಲಿದ್ದ ಬೆನ್ನಿನ ಮೇಲೆ ಕೈಯಾಡಿಸುತ್ತ, "ಏಳೋ ತಮ್ಮಾ, ಇಲ್ಲೆ ಏನೂ ಇಲ್ಲ. ಬರೇ ನಾ ಅದೇನಿ" ಅಂದ.

ಅಲ್ಲಿ ಹೇಳಬೇಕಾಯಿತು. ನಾನೇ ಹೇಳಿದೆ, ನಕಾಶೆ ಇಲ್ಲ, ಬಂಗಾರವಿಲ್ಲ, ಲಡಾಯಿಯಲ್ಲಿ ಹೀಗಾಗಿತ್ತು ಎಂದು. ಜನ ಗುದ್ದಲಿ ಇಳಿಸಿ ತಲೆ ತಗ್ಗಿಸಿದರು. ಹಿಂದಿನಿಂದ ಒಬ್ಬ ಮಾತ್ರ ಮೆಲ್ಲಗೆ, "ಹಂಗಾರ ಒಂದೂ ಕೊಪ್ಪರಿಗಿ ಇಲ್ಲೇನ್ರಿ?" ಎಂದು ಕೇಳಿದ. ಚಾಚಾ ಅವನಿಗೆ ಖಾಲಿ ಕಿಟ್ಲಿ ಬೀಸಿದ. ಆಮೇಲೆ ಎಲ್ಲರನ್ನೂ ಕುರಿ ಅಟ್ಟಿದಂತೆ ಅಟ್ಟಿಕೊಂಡು ಹೋದ.

ಉಳಿದವರು ನಾವಿಬ್ಬರೇ. ಆ ಹತ್ತು ಮೊಳ ಜಾಗದಲ್ಲಿ ಒಂದು ಗೇಣೂ ತುಳಿಯದೆ ಉಳಿದಿರಲಿಲ್ಲ. ನನಗೆ ಸಂತೋಷವೇ ಆಯಿತು. "ನೋಡ್ರಿ, ಊರ ಮಂದಿ ಎಲ್ಲಾ ತುಳದು ಹ್ವಾದ್ರು. ನೀವೂ ಓಡಿ ಬಂದ್ರಿ. ಏನೂ ಆಗಲಿಲ್ಲ. ಮುಗೀತು. ಇನ್ನ ಬಿತ್ತೂಣು" ಅಂದೆ.

ಅವರು ಹೊಲವನ್ನೆಲ್ಲ ಒಮ್ಮೆ ನೋಡಿದರು. ಜನ ಓಡಾಡಿದ ಕಡೆಯೆಲ್ಲ ಬಿಳಿ ಪಟ್ಟಿಗಳು ಬಿದ್ದಿದ್ದವು.

"ಇಷ್ಟು ಮಂದಿ ಅಡ್ಡಾಡ್ಯಾರ" ಅಂದರು. "ಯಾರು ಏನ್ ಇಟ್ಟು ಹೋಗ್ಯಾರೋ ಏನೋ. ಇನ್ನ ಮೊದಲಿಂದ ನೋಡಬೇಕು."

ಈಗ ನಾನು ಬರೆಯುವುದು ನಾಚಿಕೆಯ ಮಾತು. ಅದನ್ನು ಕೇಳಿದ ತಕ್ಷಣ ನನ್ನೊಳಗೆ ಎದ್ದದ್ದು ಖುಷಿ. ಮೊದಲಿಂದ ಅಂದರೆ ಇನ್ನೊಂದು ವರ್ಷ, ಇನ್ನೊಂದು ಬೇಸಿಗೆ, ಬೇವಿನ ನೆರಳು, ರೊಟ್ಟಿ, ಮಾತು. ಆಗಲಿ ಅನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಅವರು ಸಲಾಕಿ ಎತ್ತಿಕೊಂಡು, ಚಾಚಾನ ಬೆನ್ನಿನ ಗುರುತು ಇನ್ನೂ ಮೂಡಿದ್ದ ಮಣ್ಣಿನ ಮೇಲೆ ಮೊಣಕಾಲೂರಿದರು. ಅವರ ಮೊಣಕೈಗಳನ್ನು ಅವತ್ತು ನೋಡಿದೆ. ಐದು ತಿಂಗಳು ದಿನಾ ಎದುರಿಗೇ ಇದ್ದವು, ನೋಡಿರಲಿಲ್ಲ. ತೆವಳಿ ತೆವಳಿ ಚರ್ಮ ಹೋಗಿ ಗಡ್ಡೆಗಟ್ಟಿದ್ದವು. ನಾನು ನಕ್ಕ ಅಷ್ಟೂ ದಿನ ಈ ಮನುಷ್ಯ ಲಡಾಯಿಯ ಹೊಲದಲ್ಲೇ ಮಲಗಿದ್ದರು.

ಮನೆಗೆ ಬಂದು ಗೂಡಿನಿಂದ ಕಾಗದ ತೆಗೆದು ಅವರ ಮುಂದಿಟ್ಟೆ. "ಪುಣೆಕ್ಕ ಹೋಗ್ರಿ" ಅಂದೆ. "ಅಲ್ಲೆ ಎಲ್ಲಾ ಡಾಂಬರ ರಸ್ತಾ ಅಂತ."

"ನೀ?"

"ಅತ್ತಿ ಅದಾರ, ಹೊಲ ಐತಿ. ನಾ ಬಿತ್ತತೀನಿ."

ಅವರು ಕಾಗದ ಬಿಚ್ಚಿ ಇನ್ನೊಮ್ಮೆ ಓದಿದರು. ಬೇಡ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅನ್ನಲಿಲ್ಲ. ಎಂಟು ದಿನದ ಮೇಲೆ ಬಸ್ ಹತ್ತಿಸಿ ಬಂದೆ. ಚಾಚಾ ಚಹಾ ಕೊಟ್ಟ, ಕುಡಿಯಲಾಗಲಿಲ್ಲ. ಹೋಗುವಾಗ ಅವರು ಒಂದೇ ಮಾತು ಹೇಳಿದರು. "ಹೊಲದಾಗ ಇಳಿಯೂ ಮೊದಲ ಚುಚ್ಚಿ ನೋಡು. ಆಮ್ಯಾಲ ಕಾಲಿಡು." ಹೂಂ ಅಂದೆ. ಪುಣೆಯಿಂದ ಬಂದ ಮೊದಲ ಕಾಗದದಲ್ಲೂ ಅದನ್ನೇ ಕೇಳಿದ್ದರು. ಚುಚ್ಚಿಯೇ ಇಳಿಯುತ್ತೇನೆ ಎಂದು ಬರೆದೆ. ಸುಳ್ಳು ಬರೆದೆ ಎಂದೇ ಅಂದುಕೊಂಡಿದ್ದೆ.

ಬಿತ್ತನೆಯ ದಿನ ಎತ್ತಿನವರು ಬರುವ ಮೊದಲೇ ಒಬ್ಬಳೇ ಹೊಲಕ್ಕೆ ಹೋದೆ. ಮದುವೆಯಾದಾಗಿನಿಂದ ನೂರಾರು ಸಲ ಹಾರಿ ಇಳಿದ ಹೊಲ. ಬದುವಿನ ಮೇಲೆ ನಿಂತು ಕಾಲೆತ್ತಿದೆ, ಕಾಲು ಕೆಳಗೆ ಹೋಗಲಿಲ್ಲ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ವಾಪಸ್ ಮನೆಗೆ ಹೋಗಿ ಸಲಾಕಿ ತಂದು, ಒಂದು ಸಲ ನೆಲಕ್ಕೆ ಚುಚ್ಚಿದೆ. ಆಮೇಲೆ ಕಾಲಿಟ್ಟೆ.